ಕೌಂಟರಿನ ವಿಚಾರ ಆಡಳಿತ ಮಂಡಳಿಗೆ ಮುಟ್ಟುವುದು ಹೇಗೆ? ಕ್ರೆಡಿಟ್ ಯೂನಿಯನ್‌ಗಳ ಮುಂದಿರುವ ದಾರಿಗಳ ಹೋಲಿಕೆ

ಕೆನಡಾದ ಕ್ವಿಬೆಕ್ ಪ್ರಾಂತ್ಯದ ಲೆವಿ ಪಟ್ಟಣದಲ್ಲಿ 1900ರ ಡಿಸೆಂಬರ್ 6ರಂದು ಅಲ್ಫೋನ್ಸ್ ದೆಜಾರ್ದಾಂ ಕಟ್ಟಿದ ಉಳಿತಾಯ ಮತ್ತು ಸಾಲದ ಸಹಕಾರ ಸಂಘವೇ ಉತ್ತರ ಅಮೆರಿಕದ ಕ್ರೆಡಿಟ್ ಯೂನಿಯನ್ ಚಳವಳಿಯ ಮೊದಲ ಹೆಜ್ಜೆ. ಮುಂದಿನ ಜನವರಿಯಲ್ಲಿ ಅದಕ್ಕೆ ಬಂದ ಮೊದಲ ಜಮೆ 10 ಸೆಂಟ್. ಆರಂಭದ ವರ್ಷಗಳಲ್ಲಿ ಸಂಘದ ಬಹುಪಾಲು ಕೆಲಸ ನಡೆದದ್ದು ದೆಜಾರ್ದಾಂ ದಂಪತಿಯ ಮನೆಯಲ್ಲೇ. ಅಲ್ಫೋನ್ಸ್ ಒಟ್ಟಾವದ ಸಂಸತ್ತಿನಲ್ಲಿ ಶೀಘ್ರಲಿಪಿಕಾರರಾಗಿದ್ದರು. ಅಧಿವೇಶನಕ್ಕೆಂದು ಅವರು ಊರು ಬಿಟ್ಟಾಗ ಪತ್ನಿ ದೊರಿಮೆನ್ ಹಣ ಪಡೆದು, ಲೆಕ್ಕ ಬರೆದು, ಸದಸ್ಯರ ಕಷ್ಟಸುಖ ಕೇಳಿ ಸಂಘವನ್ನು ನಡೆಸುತ್ತಿದ್ದರು. ಸದಸ್ಯರೊಡನೆ ಮಾತನಾಡುವವರಿಗೂ ಸಂಘದ ನಿಯಮವನ್ನು ಬದಲಿಸಬಲ್ಲವರಿಗೂ ನಡುವೆ ಆಗ ಇದ್ದ ಅಂತರ ಒಂದು ಊಟದ ಮೇಜಿನಷ್ಟು.

ಇಂದು ಆ ಅಂತರ ಬಹಳ ಹಿಗ್ಗಿದೆ. ಅಮೆರಿಕದಲ್ಲಿ ಠೇವಣಿಗೆ ಫೆಡರಲ್ (ಕೇಂದ್ರ ಸರ್ಕಾರದ) ವಿಮೆಯುಳ್ಳ ಕ್ರೆಡಿಟ್ ಯೂನಿಯನ್‌ಗಳ ಸಂಖ್ಯೆ 2023ರ ಕೊನೆಗೆ ಸುಮಾರು 4,600, ಅವುಗಳ ಸದಸ್ಯರು 13 ಕೋಟಿಗೂ ಹೆಚ್ಚು. ಅವುಗಳಲ್ಲಿ ಬೆರಳೆಣಿಕೆಯ ಸಿಬ್ಬಂದಿಯಿಂದ ನಡೆಯುವಂಥವೂ ಇವೆ, 1933ರಲ್ಲಿ ಏಳು ಜನರಿಂದ ಆರಂಭವಾಗಿ ಈಗ ಕೋಟಿಗೂ ಮೀರಿದ ಸದಸ್ಯರನ್ನು ಹೊಂದಿರುವ ನೇವಿ ಫೆಡರಲ್‌ನಂಥವೂ ಇವೆ. ಇಷ್ಟು ಬೇರೆ ಬೇರೆ ಗಾತ್ರದ ಸಂಸ್ಥೆಗಳಿಗೆ ಒಂದೇ ಏರ್ಪಾಡು ಹೊಂದುವುದಿಲ್ಲ. ನೌಕರರ ಒಳ್ಳೆಯ ವಿಚಾರಗಳನ್ನು ನಾಯಕತ್ವದೊಡನೆ ಜೋಡಿಸಲು ಸಾಮಾನ್ಯವಾಗಿ ಬಳಕೆಯಲ್ಲಿರುವ ದಾರಿಗಳನ್ನು ಇಲ್ಲಿ ಅಕ್ಕಪಕ್ಕದಲ್ಲಿಟ್ಟು ನೋಡಿದ್ದೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ವಿಚಾರ ಸಂಗ್ರಹಿಸುವುದು ಇದರಲ್ಲಿ ಸುಲಭದ ಭಾಗ. ಬಂದ ಪ್ರತಿಯೊಂದು ವಿಚಾರಕ್ಕೂ ಹೌದು ಅಥವಾ ಇಲ್ಲ ಎಂದು ಹೇಳಬಲ್ಲ ಅಧಿಕಾರವುಳ್ಳ ವ್ಯಕ್ತಿ ಯಾರು, ಅವರು ಎಷ್ಟು ದಿನದೊಳಗೆ ಹೇಳುತ್ತಾರೆ ಎಂಬುದರ ಮೇಲೆಯೇ ಆಯ್ಕೆ ನಿಲ್ಲಬೇಕು.

ಕ್ರೆಡಿಟ್ ಯೂನಿಯನ್ ಎಂದರೆ ಪತ್ತಿನ ಸಹಕಾರ ಸಂಘದ ಬಳಗಕ್ಕೇ ಸೇರಿದ ಸಂಸ್ಥೆ. ಸದಸ್ಯರೇ ಅದರ ಒಡೆಯರು. ಠೇವಣಿ ಎಷ್ಟೇ ಇರಲಿ, ಒಬ್ಬ ಸದಸ್ಯನಿಗೆ ಒಂದೇ ಮತ. ಅಮೆರಿಕದ ಫೆಡರಲ್ ಕ್ರೆಡಿಟ್ ಯೂನಿಯನ್‌ಗಳಲ್ಲಿ ಸದಸ್ಯರು ಆರಿಸುವ ನಿರ್ದೇಶಕರು ಬಹುತೇಕ ಸಂಬಳವಿಲ್ಲದೆ ದುಡಿಯುವವರು. ಹಗಲು ಬೇರೆ ಉದ್ಯೋಗ ಮಾಡಿ ಸಂಜೆ ಸಭೆಗೆ ಬರುವವರು ಅವರಲ್ಲಿ ಅನೇಕರು. ಇದರಿಂದ ಒಂದು ವಿಶೇಷ ಸ್ಥಿತಿ ಉಂಟಾಗುತ್ತದೆ. ಸದಸ್ಯರ ತೊಂದರೆಯನ್ನು ದಿನವೂ ಕಾಣುವ ಕೌಂಟರಿನ ಸಿಬ್ಬಂದಿಗೆ ನಿಯಮ ಬದಲಿಸುವ ಅಧಿಕಾರವಿಲ್ಲ, ಅಧಿಕಾರವಿರುವ ನಿರ್ದೇಶಕರಿಗೆ ಕೌಂಟರ್ ಕಾಣುವುದಿಲ್ಲ, ನಡುವಿನ ವ್ಯವಸ್ಥಾಪಕರಿಗೆ ಎರಡೂ ಅರೆಬರೆಯಾಗಿ ಕಾಣುತ್ತವೆ. ಸಂಸ್ಥೆಯ ಒಡೆಯರಾದ ಸದಸ್ಯರ ಹಿತ ಅಡಗಿರುವುದು ಈ ಮೂರನ್ನು ಬೆಸೆಯುವುದರಲ್ಲಿ. ಇದನ್ನು ಸಿಬ್ಬಂದಿಯನ್ನು ಖುಷಿಯಾಗಿಡುವ ಉಪಾಯವೆಂದಷ್ಟೇ ಕಾಣುವವರು ಸಹಕಾರದ ಅರ್ಥವನ್ನೇ ಕಿರಿದು ಮಾಡುತ್ತಾರೆ ಎಂದು ನಾನು ತಿಳಿದಿದ್ದೇನೆ.

ಮೊದಲು ವಿಚಾರವನ್ನು ತೂಗಬೇಕು

ದಾರಿ ಆರಿಸುವ ಮೊದಲು, ಬರುವ ವಿಚಾರಗಳ ತೂಕ ಒಂದೇ ಅಲ್ಲವೆಂಬುದನ್ನು ಗಮನಿಸಬೇಕು. ಕೆಲವನ್ನು ಶಾಖೆ ತಾನೇ, ನಾಳೆಯೇ ಮಾಡಿಬಿಡಬಹುದು. ಕೆಲವಕ್ಕೆ ಹಣ ಬೇಕು, ತಂತ್ರಾಂಶ ಬದಲಾಗಬೇಕು, ಎರಡು ಮೂರು ವಿಭಾಗಗಳು ಒಪ್ಪಬೇಕು. ಇನ್ನು ಕೆಲವು ಮಂಡಳಿಯ ನೀತಿಗೋ ಕಾನೂನಿಗೋ ತಾಗುತ್ತವೆ.

ಮೂರನೆಯ ಬಗೆಗೆ ಮಿಷಿಗನ್ ರಾಜ್ಯದ ಉದಾಹರಣೆ ಚೆನ್ನಾಗಿ ಹೊಂದುತ್ತದೆ. ಉಳಿತಾಯ ಮಾಡಿದವರ ಹೆಸರನ್ನು ಬಹುಮಾನದ ಚೀಟಿಗೆ ಸೇರಿಸಿದರೆ, ಅಸಲಿಗೆ ಕುಂದಿಲ್ಲದೆ ಜನರಿಗೆ ಉಳಿಸುವ ಹುರುಪು ಬರುತ್ತದೆ ಎಂಬ ವಿಚಾರವನ್ನು 2009ರಲ್ಲಿ ಅಲ್ಲಿನ ಎಂಟು ಕ್ರೆಡಿಟ್ ಯೂನಿಯನ್‌ಗಳು ‘ಸೇವ್ ಟು ವಿನ್’ ಎಂಬ ಹೆಸರಿನಲ್ಲಿ ಕಾರ್ಯರೂಪಕ್ಕೆ ತಂದವು. 25 ಡಾಲರ್ ಜಮೆಗೆ ಒಂದು ಅವಕಾಶ, ದೊಡ್ಡ ಬಹುಮಾನ ಒಂದು ಲಕ್ಷ ಡಾಲರ್. ಆದರೆ ಇಂಥ ಚೀಟಿಗೆ ಆ ರಾಜ್ಯದ ಕ್ರೆಡಿಟ್ ಯೂನಿಯನ್ ಕಾನೂನು ಮೊದಲೇ ಎಡೆ ಮಾಡಿಕೊಟ್ಟಿದ್ದರಿಂದಲೇ ಅದು ಸಾಧ್ಯವಾಯಿತು. ಬೇರೆ ಹಲವು ರಾಜ್ಯಗಳಲ್ಲಿ ಅದೇ ವಿಚಾರ ಲಾಟರಿ ಕಾನೂನಿನ ಅಡಿ ಸಿಲುಕುತ್ತಿತ್ತು. ಹಾಗೆಯೇ ದುಬಾರಿ ಬಡ್ಡಿಯ ಸಂಬಳದ ಮುಂಗಡ ಸಾಲದಿಂದ ಸದಸ್ಯರನ್ನು ಬಿಡಿಸಲು 200ರಿಂದ 1,000 ಡಾಲರ್‌ವರೆಗಿನ ಸಣ್ಣ ಸಾಲ ಕೊಡುವ ಯೋಜನೆಗೆ ಅಮೆರಿಕದ ನಿಯಂತ್ರಕ ಸಂಸ್ಥೆಯಾದ ರಾಷ್ಟ್ರೀಯ ಕ್ರೆಡಿಟ್ ಯೂನಿಯನ್ ಆಡಳಿತ ಸಂಸ್ಥೆ 2010ರಲ್ಲಿ ನಿಯಮ ಮಾಡಿ, ಬಡ್ಡಿಗೆ ಶೇ 28ರ ಮಿತಿ ಇಟ್ಟಿತು. ಇಂಥ ವಿಚಾರ ಕೌಂಟರಿನಲ್ಲಿ ಹಣ ಪಡೆದು ಕೊಡುವ ಒಬ್ಬ ಟೆಲ್ಲರ್‌ಗೆ ಹೊಳೆದರೂ ಅದನ್ನು ಶಾಖೆ ತೀರ್ಮಾನಿಸಲಾರದು.

ಎಲ್ಲ ದಾರಿಗಳನ್ನೂ ಒಂದೇ ಅಳತೆಯಿಂದ ಅಳೆಯಲು ನಡುವಿನ ತೂಕದ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಸದಸ್ಯರೊಬ್ಬರು ತೀರಿಕೊಂಡಿದ್ದಾರೆ. ಅವರ ಪತ್ನಿ ಮರಣ ಪ್ರಮಾಣಪತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ಬಂದಿದ್ದಾರೆ. ಉಳಿತಾಯ ಖಾತೆಗಾಗಿ ಅದನ್ನು ಒಂದು ಕೌಂಟರಿನಲ್ಲಿ ಹೊರತೆಗೆದು ತೋರಿಸುತ್ತಾರೆ, ನಕಲು ಮಾಡಿಸಿ ಮತ್ತೆ ಕವರಿಗೆ ಸೇರಿಸುತ್ತಾರೆ. ವಾಹನ ಸಾಲಕ್ಕಾಗಿ ಎರಡನೆಯ ಮೇಜಿನ ಮುಂದೆ ಕುಳಿತು ಮತ್ತೊಮ್ಮೆ ತೆಗೆಯುತ್ತಾರೆ. ಕಾರ್ಡ್ ವಿಭಾಗ ಬೇರೆ ಕಟ್ಟಡದಲ್ಲಿರುವುದರಿಂದ ಅಲ್ಲಿಗೆ ಅಂಚೆಯಲ್ಲಿ ಕಳಿಸಬೇಕು. ಮೂರೂ ಕಡೆ ‘ಸಂಬಂಧ’ ಎಂಬ ಕಲಮಿನಲ್ಲಿ ಅವರೇ ಪತ್ನಿ ಎಂದು ಬರೆಯಬೇಕು. ಇದನ್ನು ತಿಂಗಳಲ್ಲಿ ಎರಡು ಮೂರು ಸಲ ಕಾಣುವ ಕೌಂಟರಿನ ಉದ್ಯೋಗಿಗೆ, ಒಂದೇ ಕಡೆ ದಾಖಲೆ ಪಡೆದು ಮೂರೂ ವಿಭಾಗಗಳಿಗೆ ನಾವೇ ಕಳಿಸಬಾರದೇಕೆ ಎನ್ನಿಸುತ್ತದೆ. ಈ ವಿಚಾರ ಪ್ರತಿಯೊಂದು ದಾರಿಯಲ್ಲೂ ಎಲ್ಲಿಯವರೆಗೆ ನಡೆಯುತ್ತದೆ ಎಂಬುದೇ ನಮ್ಮ ಪರೀಕ್ಷೆ.

ಸಲಹಾ ಪೆಟ್ಟಿಗೆ, ಮತ್ತು ಅದರ ಆನ್‌ಲೈನ್ ರೂಪ

ಇದು ಎಲ್ಲಕ್ಕಿಂತ ಹಳೆಯ ದಾರಿ. ಕೊಡಾಕ್ ಕಂಪನಿ 1898ರಲ್ಲೇ ಕಾರ್ಮಿಕರ ಸಲಹೆಗಳಿಗೆ ಬಹುಮಾನ ಕೊಡುವ ಪದ್ಧತಿ ಆರಂಭಿಸಿತ್ತು. ಖರ್ಚು ಕಡಿಮೆ, ಮಾತಿಗೆ ಹಿಂಜರಿಯುವವರಿಗೂ ಅವಕಾಶ, ರಾತ್ರಿ ಪಾಳಿಯ ಕಾಲ್ ಸೆಂಟರಿನವರಿಗೂ ದೂರದ ಶಾಖೆಯವರಿಗೂ ಒಂದೇ ಬಾಗಿಲು. ಆದರೆ ಪೆಟ್ಟಿಗೆಗೆ ಬಿದ್ದ ನಮ್ಮ ಉದಾಹರಣೆಯ ಚೀಟಿಯಲ್ಲಿ ಬಹುಶಃ ‘ಮರಣ ದಾಖಲೆ ಒಂದೇ ಸಲ ಪಡೆಯಬೇಕು’ ಎಂಬ ಒಂದು ಸಾಲು ಮಾತ್ರ ಇರುತ್ತದೆ. ಓದುವ ಅಧಿಕಾರಿಗೆ ಆ ಕವರೂ ಕಾಣುವುದಿಲ್ಲ, ಆ ಮೂರನೆಯ ಅರ್ಜಿಯೂ ಕಾಣುವುದಿಲ್ಲ. ಚೀಟಿಗೆ ಹೆಸರಿಲ್ಲದಿದ್ದರೆ ಕೇಳಿ ತಿಳಿಯುವ ದಾರಿಯೂ ಮುಚ್ಚುತ್ತದೆ.

ಆನ್‌ಲೈನ್ ರೂಪದಲ್ಲಿ ಸಹೋದ್ಯೋಗಿಗಳು ಮತ ಹಾಕಿ ವಿಚಾರಗಳನ್ನು ಮೇಲೆ ತರುವ ಏರ್ಪಾಡು ಈಗ ಸಾಮಾನ್ಯ. ಪಾರದರ್ಶಕತೆಯ ದೃಷ್ಟಿಯಿಂದ ಇದು ಒಳ್ಳೆಯದು. ಬೇರೆ ಶಾಖೆಯವರು ‘ನಮ್ಮಲ್ಲೂ ಹೀಗೆಯೇ’ ಎಂದು ಸೇರಿಸಿದಾಗ ವಿಚಾರಕ್ಕೆ ಮೈ ತುಂಬುತ್ತದೆ. ಆದರೂ ಮತಗಳ ಎಣಿಕೆಯನ್ನೇ ತೀರ್ಪೆಂದು ತಿಳಿಯುವುದು ಅಪಾಯ. ವಾಹನ ನಿಲುಗಡೆಯೂ ಊಟದ ಕೋಣೆಯ ಕಾಫಿ ಯಂತ್ರವೂ ಎಲ್ಲರಿಗೂ ಸಂಬಂಧಿಸಿದವು, ಹಾಗಾಗಿ ಅವಕ್ಕೆ ಮತ ಹೆಚ್ಚು. ಸದಸ್ಯರ ಸಾವಿನ ನಂತರದ ಕೆಲಸವನ್ನು ಕಾಣುವವರು ಸಂಸ್ಥೆಯಲ್ಲಿ ಕೆಲವರೇ, ಹಾಗಾಗಿ ಆ ವಿಚಾರ ಪಟ್ಟಿಯ ಕೆಳಗೆ ಉಳಿಯುತ್ತದೆ. ಈ ದಾರಿಯನ್ನು ಆರಿಸುವವರು ಮತದ ಜೊತೆಗೆ ‘ಇದು ಎಷ್ಟು ಸದಸ್ಯರನ್ನು ತಟ್ಟುತ್ತದೆ, ಎಂಥ ಹೊತ್ತಿನಲ್ಲಿ ತಟ್ಟುತ್ತದೆ’ ಎಂಬ ಪ್ರಶ್ನೆಗೂ ಜಾಗ ಇಡಬೇಕು. ಪ್ರತಿ ವಿಚಾರದ ಎದುರು ಅದನ್ನು ತೀರ್ಮಾನಿಸಬೇಕಾದವರ ಹೆಸರು ಎಲ್ಲರಿಗೂ ಕಾಣುವಂತಿರಬೇಕು. ‘ಪರಿಶೀಲನೆಯಲ್ಲಿದೆ’ ಎಂಬ ಪದವೊಂದೇ ತಿಂಗಳುಗಟ್ಟಲೆ ಕಾಣುತ್ತಿದ್ದರೆ ಪೆಟ್ಟಿಗೆ ಇಲ್ಲದಿರುವುದೇ ವಾಸಿ, ಏಕೆಂದರೆ ಉತ್ತರ ಬಾರದ ಕಡೆ ಎರಡನೆಯ ಸಲ ಯಾರೂ ಬರೆಯುವುದಿಲ್ಲ.

ನಾಯಕರು ಕೌಂಟರಿಗೆ ಹೋಗುವುದು

ನನಗೆ ಎಲ್ಲಕ್ಕಿಂತ ಹೆಚ್ಚು ನಂಬಿಕೆ ಇರುವುದು ಈ ದಾರಿಯಲ್ಲಿ, ಆದ್ದರಿಂದ ಇದರ ಬಗ್ಗೆ ತುಸು ವಿಸ್ತಾರವಾಗಿ ಬರೆಯುತ್ತೇನೆ. ಮುಖ್ಯ ಕಾರ್ಯನಿರ್ವಾಹಕರೋ ನಿರ್ದೇಶಕರೋ ತಿಂಗಳಲ್ಲಿ ಅರ್ಧ ದಿನ ಟೆಲ್ಲರ್‌ನ ಪಕ್ಕದ ಕುರ್ಚಿಯಲ್ಲಿ ಕುಳಿತುಕೊಳ್ಳುತ್ತಾರೆ. ತಪಾಸಣೆ ಇಲ್ಲ, ಭಾಷಣ ಇಲ್ಲ, ಮುಂಚಿತವಾಗಿ ಶಾಖೆಗೆ ಬಣ್ಣ ಹಚ್ಚುವುದಿಲ್ಲ. ಸಂಬಳದ ದಿನ ಅಥವಾ ತಿಂಗಳ ಮೊದಲ ವಾರದಂತಹ ದಟ್ಟಣೆಯ ಹೊತ್ತನ್ನೇ ಆರಿಸಿಕೊಳ್ಳಬೇಕು. ಮಧ್ಯಾಹ್ನದ ಬಿಡುವಿನಲ್ಲಿ ಬಂದವರಿಗೆ ಕಾಣುವುದು ಖಾಲಿ ಕುರ್ಚಿಗಳು ಮಾತ್ರ. ಕೇಳಬೇಕಾದ ಪ್ರಶ್ನೆಯೂ ಒಂದೇ ಸಾಕು: ‘ಈಗ ಹೋದ ಸದಸ್ಯರಿಗೆ ಮಾಡಿಕೊಡಬೇಕೆಂದಿದ್ದೂ ಮಾಡಿಕೊಡಲಾಗದೆ ಹೋದದ್ದು ಏನಾದರೂ ಇದೆಯೇ?’

ನಮ್ಮ ಉದಾಹರಣೆಗೆ ಇಲ್ಲಿ ಮಾತೇ ಬೇಕಿಲ್ಲ. ಆ ಹೆಂಗಸು ಎರಡನೆಯ ಮೇಜಿನಲ್ಲಿ ಮತ್ತೆ ಕವರ್ ಬಿಚ್ಚುವುದನ್ನು ನಿರ್ದೇಶಕರೊಬ್ಬರು ಕಣ್ಣಾರೆ ಕಂಡರೆ ವಿಚಾರದ ಅರ್ಧ ದಾರಿ ಅಲ್ಲಿಗೇ ಸವೆಯಿತು. ಮುಂದಿನ ಸಭೆಯಲ್ಲಿ ಅದನ್ನು ಮಂಡಿಸಲು ಅಂಕಿಅಂಶಗಳ ಕಡತವೂ ಬೇಕಾಗುವುದಿಲ್ಲ.

ದೋಷಗಳೂ ಇವೆ. ಇಪ್ಪತ್ತು ಮೂವತ್ತು ಶಾಖೆಗಳಿರುವ ಸಂಸ್ಥೆಯಲ್ಲಿ ಒಬ್ಬ ಮುಖ್ಯಸ್ಥರು ಎಲ್ಲ ಕಡೆ ಹೋಗಲಾರರು. ಹೋದ ಶಾಖೆಯ ಮಾತಿಗೆ ಅತಿಯಾದ ಬೆಲೆ ಬರುತ್ತದೆ. ಇದಕ್ಕಿಂತ ಸೂಕ್ಷ್ಮವಾದದ್ದು ಶಾಖಾ ವ್ಯವಸ್ಥಾಪಕರ ಸ್ಥಾನ. ಟೆಲ್ಲರ್ ಹೇಳಿದ್ದನ್ನು ಮೇಲಿನವರು ಅಲ್ಲೇ ಆದೇಶವಾಗಿಸಿದರೆ, ಅದೇ ವಿಷಯವನ್ನು ಮೂರು ಸಲ ಬರೆದು ಕಾಯುತ್ತಿದ್ದ ವ್ಯವಸ್ಥಾಪಕರ ಮುಖಭಂಗವಾಗುತ್ತದೆ, ನಾಳೆ ಆ ಟೆಲ್ಲರ್‌ನ ಸ್ಥಿತಿಯೂ ಕಷ್ಟವಾಗುತ್ತದೆ. ಆದ್ದರಿಂದ ಭೇಟಿಯ ಕೊನೆಯ ಇಪ್ಪತ್ತು ನಿಮಿಷ ವ್ಯವಸ್ಥಾಪಕರ ಜೊತೆಗೇ ಕುಳಿತು, ಕಂಡ ವಿಷಯಗಳಲ್ಲಿ ಒಂದನ್ನು ಅವರ ಕೈಯಿಂದಲೇ ಒಂದು ವಾರದೊಳಗೆ ಸರಿಪಡಿಸಲು ಬಿಡುವುದು ಲೇಸು. ಉಳಿದವು ಬರಹದಲ್ಲಿ ದಾಖಲಾಗಬೇಕು, ಇಲ್ಲವಾದರೆ ಕಾರಿನಲ್ಲಿ ಹಿಂದಿರುಗುವಾಗಲೇ ಅವು ಮರೆತುಹೋಗುತ್ತವೆ.

ಪ್ರಶ್ನೆ ಕೊಟ್ಟು ವಿಚಾರ ಕೇಳುವ ಅಭಿಯಾನ

ಎರಡು ಮೂರು ವಾರಗಳ ಅವಧಿ ಗೊತ್ತುಮಾಡಿ, ಒಂದೇ ಪ್ರಶ್ನೆಗೆ ಎಲ್ಲ ಸಿಬ್ಬಂದಿಯಿಂದ ವಿಚಾರ ಕೇಳುವುದು ಇನ್ನೊಂದು ದಾರಿ. ನಾಯಕತ್ವಕ್ಕೆ ಯಾವ ಸಮಸ್ಯೆ ಮುಖ್ಯವೆಂದು ಸಿಬ್ಬಂದಿಗೆ ತಿಳಿಯುತ್ತದೆ, ಬಂದದ್ದನ್ನು ಒಟ್ಟಿಗೆ ಹೋಲಿಸಿ ನೋಡಲೂ ಸುಲಭ. ಇದರ ಫಲವೆಲ್ಲ ಪ್ರಶ್ನೆಯ ಮೇಲೆ ನಿಂತಿದೆ. ‘ಸದಸ್ಯರ ಸೇವೆಯನ್ನು ಉತ್ತಮಪಡಿಸುವುದು ಹೇಗೆ?’ ಎಂದರೆ ಗೋಡೆಯ ಮೇಲೆ ಬರೆಯುವಂಥ ಮಾತುಗಳು ಬರುತ್ತವೆ. ‘ಸದಸ್ಯರು ಒಂದೇ ದಾಖಲೆಯನ್ನು ನಮಗೆ ಎರಡನೆಯ ಸಲ ಕೊಡಬೇಕಾಗುವುದು ಎಲ್ಲೆಲ್ಲಿ?’ ಎಂದು ಕೇಳಿದರೆ ನಮ್ಮ ಉದಾಹರಣೆಯ ಜೊತೆಗೆ ಅದರ ಐದಾರು ಸೋದರರೂ ಒಂದೇ ವಾರದಲ್ಲಿ ಸಿಗುತ್ತವೆ.

ಮೊದಲೇ ಹಣ ಮೀಸಲಿಡದೆ ಅಭಿಯಾನ ನಡೆಸಬಾರದೆಂದು ನಾನು ಖಂಡಿತವಾಗಿ ಹೇಳುತ್ತೇನೆ. ಗೆದ್ದ ವಿಚಾರಕ್ಕೆ ಮುಂದಿನ ವರ್ಷದ ಆಯವ್ಯಯದಲ್ಲಿ ನೋಡೋಣ ಎಂಬ ಉತ್ತರ ಸಿಕ್ಕರೆ, ಆ ಮುಂದಿನ ವರ್ಷದ ಅಭಿಯಾನಕ್ಕೆ ವಿಚಾರಗಳೇ ಬರುವುದಿಲ್ಲ.

ಬಿಡುವು ಕೊಟ್ಟು ಸಣ್ಣ ತಂಡ ಕಟ್ಟುವುದು

ಕೌಂಟರ್, ಸಾಲ ವಿಭಾಗ, ತಂತ್ರಾಂಶ ವಿಭಾಗ ಮತ್ತು ನಿಯಮಪಾಲನೆಯ ವಿಭಾಗದಿಂದ ಒಬ್ಬೊಬ್ಬರನ್ನು ಆರಿಸಿ, ವಾರಕ್ಕೆ ಕೆಲವು ಗಂಟೆ ಬಿಡುವು ಕೊಟ್ಟು, ಮೂರು ತಿಂಗಳಲ್ಲಿ ಒಂದು ವಿಚಾರವನ್ನು ಪ್ರಯೋಗದ ಹಂತಕ್ಕೆ ತರಲು ಹೇಳುವುದು ಈ ದಾರಿಯ ಸ್ವರೂಪ. ಅಮೆರಿಕದಲ್ಲಿ 1989ರಲ್ಲಿ ಆರಂಭವಾದ ಫೈಲೀನ್ ಸಂಶೋಧನಾ ಸಂಸ್ಥೆಯು ಬೇರೆ ಬೇರೆ ಕ್ರೆಡಿಟ್ ಯೂನಿಯನ್‌ಗಳ ನೌಕರರನ್ನು ಇಂಥ ಸಣ್ಣ ಗುಂಪುಗಳಲ್ಲಿ ಸೇರಿಸುವ ‘ಐ3’ ಎಂಬ ಕಾರ್ಯಕ್ರಮ ನಡೆಸಿದೆ. ಸಹಕಾರ ಸಂಸ್ಥೆಗಳು ಒಂದರಿಂದೊಂದು ಮುಕ್ತವಾಗಿ ಕಲಿಯಬಲ್ಲವೆಂಬುದು ಇದರ ಹಿಂದಿನ ಬಲ. ಒಂದರ ಸದಸ್ಯತ್ವದ ವ್ಯಾಪ್ತಿ ಇನ್ನೊಂದರದ್ದಕ್ಕಿಂತ ಬೇರೆ ಇರುವ ಕಡೆ ಪೈಪೋಟಿಯ ಭಯವೂ ಕಡಿಮೆ.

ಎರಡನೆಯ ಮತ್ತು ಮೂರನೆಯ ತೂಕದ ವಿಚಾರಗಳಿಗೆ ಇದಕ್ಕಿಂತ ಗಟ್ಟಿಯಾದ ದಾರಿ ಇಲ್ಲ. ಮರಣ ದಾಖಲೆಯ ವಿಷಯದಲ್ಲಿ ಕಾರ್ಡ್ ವಿಭಾಗಕ್ಕೆ ಸ್ಕ್ಯಾನ್ ಮಾಡಿದ ಪ್ರತಿ ಸಾಕೇ, ಜಂಟಿ ಖಾತೆಗೂ ನಾಮನಿರ್ದೇಶನದ ಖಾತೆಗೂ ವ್ಯತ್ಯಾಸವೇನು, ಲೆಕ್ಕಪರಿಶೋಧಕರು ಏನು ಕೇಳುತ್ತಾರೆ ಎಂಬ ಪ್ರಶ್ನೆಗಳನ್ನು ಒಂದೇ ಮೇಜಿನ ಸುತ್ತ ಬಗೆಹರಿಸಬಹುದು. ನಿಯಮಪಾಲನೆಯ ಅಧಿಕಾರಿ ಮೊದಲ ದಿನದಿಂದಲೇ ತಂಡದಲ್ಲಿರಬೇಕು. ಕೊನೆಗೆ ಒಪ್ಪಿಗೆಗೆಂದು ಕಡತ ಕಳಿಸಿದರೆ ಅವರ ಪಾಲಿಗೆ ಉಳಿಯುವುದು ಬೇಡವೆನ್ನುವ ಕೆಲಸ ಮಾತ್ರ. ಈ ದಾರಿಯ ಬೆಲೆಯನ್ನು ತೆರುವವರು ಕೌಂಟರಿನಲ್ಲಿ ಉಳಿದವರು. ಹನ್ನೆರಡು ಜನರ ಸಂಸ್ಥೆಯಲ್ಲಿ ಒಬ್ಬರು ವಾರಕ್ಕೆ ಅರ್ಧ ದಿನ ಎದ್ದುಹೋದರೆ ಸರದಿ ಉದ್ದವಾಗುತ್ತದೆ, ಅಸಮಾಧಾನವೂ ಬೆಳೆಯುತ್ತದೆ. ಬದಲಿ ವ್ಯವಸ್ಥೆ ಮಾಡಲಾಗದವರು ಈ ದಾರಿಯನ್ನು ಹಿಡಿಯಬಾರದು.

ತೀರ್ಮಾನದ ಅಧಿಕಾರವನ್ನೇ ಕೆಳಗೆ ಇಳಿಸುವುದು

ಮೇಲಿನ ದಾರಿಗಳೆಲ್ಲ ವಿಚಾರವನ್ನು ಮೇಲಕ್ಕೆ ಒಯ್ಯುತ್ತವೆ. ಇದು ಅಧಿಕಾರವನ್ನು ಕೆಳಕ್ಕೆ ತರುತ್ತದೆ. ಟೊಯೋಟ ಕಂಪನಿಯ ಹಿರಿಯರು ಫೋರ್ಡ್ ಕಾರ್ಖಾನೆಯ ಸಲಹಾ ಪದ್ಧತಿಯನ್ನು ಕಂಡುಬಂದ ಮೇಲೆ 1951ರಲ್ಲಿ ತಮ್ಮಲ್ಲಿ ಸಲಹಾ ವ್ಯವಸ್ಥೆ ಆರಂಭಿಸಿದರು. ಕಾರ್ಮಿಕರು ತಮ್ಮ ಕೆಲಸವನ್ನು ತಾವೇ ತಿದ್ದಿಕೊಳ್ಳುವ ಪದ್ಧತಿಯ ಒಂದು ಭಾಗವಾಗಿ ಅದು ಅಲ್ಲಿ ಬೇರೂರಿತು. ಕ್ರೆಡಿಟ್ ಯೂನಿಯನ್‌ನಲ್ಲಿ ಇದರ ಸರಳ ರೂಪವೆಂದರೆ, ನಿಗದಿಯಾದ ಒಂದು ಮೊತ್ತದವರೆಗೆ, ನಿಯಮ ಮತ್ತು ನಗದು ಭದ್ರತೆಗೆ ತಾಗದ ಬದಲಾವಣೆಗಳನ್ನು ಶಾಖೆಯೇ ಮಾಡಿ ನಂತರ ತಿಳಿಸುವುದು. ಅರ್ಜಿಯ ಜೊತೆಗೆ ಭರ್ತಿ ಮಾಡಿದ ಮಾದರಿ ಪ್ರತಿ ಇಡಲು, ವಯಸ್ಸಾದವರಿಗೆ ಕುರ್ಚಿ ಹಾಕಲು, ಸರದಿಯ ಕ್ರಮ ಬದಲಿಸಲು ಯಾರ ಸಹಿಯೂ ಬೇಕಾಗಬಾರದು. ಮೊದಲ ತೂಕದ ವಿಚಾರಗಳು ಹೀಗೆ ಅಲ್ಲಲ್ಲೇ ಮುಗಿದರೆ, ಉಳಿದ ದಾರಿಗಳ ಮೇಲಿನ ಭಾರ ಬಹಳಷ್ಟು ಇಳಿಯುತ್ತದೆ. ಆದರೆ ಮೂರು ವಿಭಾಗಗಳಿಗೆ ಸಂಬಂಧಿಸಿದ ನಮ್ಮ ಉದಾಹರಣೆ ಶಾಖೆಯ ಅಧಿಕಾರದಿಂದ ಮಾತ್ರ ಬಗೆಹರಿಯದು.

ಯಾರಿಗೆ ಯಾವುದು

ಇಪ್ಪತ್ತಕ್ಕಿಂತ ಕಡಿಮೆ ಸಿಬ್ಬಂದಿಯ ಸಂಸ್ಥೆಗೆ ತಂತ್ರಾಂಶ ಕೊಳ್ಳುವ ಅಗತ್ಯವಿಲ್ಲ. ನಿರ್ದೇಶಕರು ಸರದಿಯ ಮೇಲೆ ಕೌಂಟರಿಗೆ ಬರುವುದು, ಮಂಡಳಿಯ ಸಭೆಯ ಮೊದಲ ಹತ್ತು ನಿಮಿಷವನ್ನು ಒಬ್ಬ ಉದ್ಯೋಗಿಯ ಮಾತಿಗೆ ಕೊಡುವುದು, ಶಾಖೆಗೆ ಸಣ್ಣ ಮೊತ್ತದ ಅಧಿಕಾರ ಕೊಡುವುದು, ಇಷ್ಟು ಸಾಕು. ನೂರರ ಆಸುಪಾಸಿನ ಸಿಬ್ಬಂದಿಯಿದ್ದರೆ ಭೇಟಿಗಳ ಜೊತೆಗೆ ವರ್ಷಕ್ಕೆ ಎರಡು ಅಭಿಯಾನ, ಪ್ರತಿ ಅಭಿಯಾನದಿಂದ ಒಂದು ಸಣ್ಣ ತಂಡ ಎಂಬ ಲೆಕ್ಕ ಹೊಂದುತ್ತದೆ. ಹಲವು ನೂರು ಜನರಿರುವ ಕಡೆ ಆನ್‌ಲೈನ್ ವ್ಯವಸ್ಥೆ ಅನಿವಾರ್ಯ. ಅಲ್ಲಿ ವಿಚಾರಗಳನ್ನು ತೂಕದ ಪ್ರಕಾರ ಬೇರ್ಪಡಿಸಿ ಸರಿಯಾದ ಮೇಜಿಗೆ ಮುಟ್ಟಿಸುವುದನ್ನೇ ಮುಖ್ಯ ಕೆಲಸವಾಗಿ ಮಾಡುವ ಒಬ್ಬರು ಇರಬೇಕು. ಮಾನವ ಸಂಪನ್ಮೂಲ ವಿಭಾಗದ ಈಗಿರುವ ಕೆಲಸಗಳ ಜೊತೆಗೆ ಇದನ್ನೂ ಅಂಟಿಸಿದರೆ ನಡೆಯುವುದಿಲ್ಲ.

ಬಹುಮಾನದ ಬಗ್ಗೆ ಒಂದು ಮಾತು. ಉಳಿತಾಯವಾದ ಹಣದಲ್ಲಿ ಶೇಕಡಾವಾರು ಪಾಲು ಕೊಡುವ ಪದ್ಧತಿ ಕಾರ್ಖಾನೆಗಳಿಗೆ ಹೊಂದಬಹುದು. ಕ್ರೆಡಿಟ್ ಯೂನಿಯನ್‌ನಲ್ಲಿ ವಿಧವೆಯೊಬ್ಬರ ಒಂದು ಗಂಟೆಯ ಸಂಕಟ ತಪ್ಪಿದ್ದಕ್ಕೆ ಯಾವ ಶೇಕಡಾ ಲೆಕ್ಕ? ದೊಡ್ಡ ನಗದು ಬಹುಮಾನವಿದ್ದರೆ ವಿಚಾರ ಯಾರದೆಂಬ ಜಗಳ ಹುಟ್ಟುತ್ತದೆ, ಜನ ಅರೆಬೆಂದ ವಿಚಾರವನ್ನು ಸಹೋದ್ಯೋಗಿಗೆ ಹೇಳಲೂ ಹಿಂಜರಿಯುತ್ತಾರೆ. ಸಣ್ಣ ಮೊತ್ತ ಇರಲಿ. ಬದಲಾವಣೆ ಜಾರಿಗೆ ಬಂದ ದಿನದ ಸುತ್ತೋಲೆಯಲ್ಲಿ ಅದನ್ನು ಸೂಚಿಸಿದವರ ಹೆಸರು ಮಾತ್ರ ತಪ್ಪದೆ ಬರಬೇಕು.

ಅವ್ಯವಹಾರದ ದೂರುಗಳನ್ನು ಈ ಯಾವ ದಾರಿಯೊಳಗೂ ಬೆರೆಸಬಾರದು. ಅವಕ್ಕೆ ಮೇಲ್ವಿಚಾರಣಾ ಸಮಿತಿಗೆ ನೇರವಾಗಿ ಹೋಗುವ, ಹೆಸರು ಗುಪ್ತವಾಗಿ ಉಳಿಯುವ ಪ್ರತ್ಯೇಕ ವ್ಯವಸ್ಥೆಯೇ ಬೇಕು.

ಆರಿಸಿದ ದಾರಿ ನಡೆಯುತ್ತಿದೆಯೇ ಎಂದು ತಿಳಿಯಲು ಬಂದ ವಿಚಾರಗಳ ಸಂಖ್ಯೆಯನ್ನು ಎಣಿಸುವುದರಿಂದ ಪ್ರಯೋಜನವಿಲ್ಲ. ಉತ್ತರಕ್ಕೆ ಹಿಡಿದ ದಿನಗಳು, ಜಾರಿಗೆ ಬಂದ ವಿಚಾರಗಳು, ಅವೆರಡಕ್ಕಿಂತ ಮುಖ್ಯವಾಗಿ, ಒಮ್ಮೆ ‘ಇಲ್ಲ’ ಎನ್ನಿಸಿಕೊಂಡೂ ಮತ್ತೊಂದು ವಿಚಾರ ತಂದವರು ಎಷ್ಟು ಮಂದಿ ಎಂಬುದನ್ನು ನೋಡಬೇಕು. ಅಂಥವರು ಇದ್ದಾರೆಂದರೆ ಆ ‘ಇಲ್ಲ’ವನ್ನು ಯಾರೋ ಸರಿಯಾಗಿ ಹೇಳಿದ್ದಾರೆಂದೇ ಅರ್ಥ. ನಿರಾಕರಣೆಯ ಉತ್ತರದಲ್ಲಿ ಮೂರು ಸಂಗತಿ ಇರಲಿ: ವಿಚಾರವನ್ನು ಓದಿದವರು ತಮ್ಮ ಮಾತಿನಲ್ಲಿ ಬರೆದ ಅದರ ಸಾರ, ಬೇಡವೆಂದದ್ದರ ನಿಜವಾದ ಕಾರಣ, ಆ ಕಾರಣ ಎಂದು ಬದಲಾಗಬಹುದೆಂಬ ಸೂಚನೆ. ‘ಕಾರ್ಡ್ ವಿಭಾಗದ ತಂತ್ರಾಂಶ ಸ್ಕ್ಯಾನ್ ಪ್ರತಿಯನ್ನು ಸ್ವೀಕರಿಸುವುದಿಲ್ಲ, ಅದರ ಗುತ್ತಿಗೆ ಮುಂದಿನ ಮಾರ್ಚ್‌ಗೆ ಮುಗಿಯುತ್ತದೆ, ಹೊಸ ಗುತ್ತಿಗೆಯ ಷರತ್ತುಗಳಲ್ಲಿ ಇದನ್ನು ಸೇರಿಸಲು ನಿಮ್ಮನ್ನು ಕರೆಯುತ್ತೇವೆ’ ಎಂದು ಬರೆದುಕೊಟ್ಟರೆ ಕೌಂಟರಿನ ಆ ಉದ್ಯೋಗಿ ಕಾಯಬಲ್ಲರು. ಹೀಗೆ ಬಾಕಿ ಉಳಿದ ವಿಚಾರಗಳಿಗೊಂದು ದಾಖಲೆ ಪುಸ್ತಕವಿಟ್ಟು, ವರ್ಷಕ್ಕೊಮ್ಮೆ ಆಯವ್ಯಯ ಸಿದ್ಧಪಡಿಸುವ ಮೊದಲು ಅದನ್ನು ತೆರೆದು, ಕಾರಣ ತೀರಿದ್ದ ವಿಚಾರದ ಮುಂದೆ ಗುರುತು ಹಾಕಿ, ಅದನ್ನು ತಂದವರಿಗೆ ಮೊದಲ ಕರೆ ಮಾಡಬೇಕು.